ಹೆಪ್ಪು ಕರಗುವ ಹೊತ್ತು

ಬೆಳಗಿನ ಆರೂವರೆ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯ ಗೇಟಿನೆದುರು ಆಗಲೇ ಜನ. ರಾತ್ರಿಯೇ ಊರು ಬಿಟ್ಟವರ ಕೈಯಲ್ಲಿ ಫೈಲು, ಫ್ಲಾಸ್ಕು, ಮಡಿಸಿದ ಕಂಬಳಿ. ಎತ್ತರದಲ್ಲಿ ಹಳದಿ ಮಾರ್ಗದ ಮೆಟ್ರೊ, ಕೆಳಗೆ ಸಿಲ್ಕ್ ಬೋರ್ಡ್ ಕಡೆಗೆ ನುಗ್ಗುವ ಬಸ್ಸುಗಳು. ಅತ್ತ ಜಯನಗರದ ಮರಗಳ ನೆರಳಲ್ಲಿ, ಜೆ.ಪಿ. ನಗರದ ಪಾರ್ಕುಗಳಲ್ಲಿ ಬಿರುಸಿನ ನಡಿಗೆ ಸಾಗಿದೆ.

ನಡೆಯುವವರ ರಕ್ತನಾಳಗಳಲ್ಲೂ ಕೆಲಸ ಸಾಗಿದೆ. ನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರ. ಆ ಕೋಶಗಳೊಳಗಿನ ಪುಟ್ಟ ಚೀಲಗಳಲ್ಲಿ ಟಿಪಿಎ ಎಂಬ ಕಿಣ್ವ ಸಿದ್ಧವಾಗಿರುತ್ತದೆ. ಗಾಯವಾದರೆ ಥ್ರಾಂಬಿನ್ ಎಂಬ ಇನ್ನೊಂದು ಕಿಣ್ವ ಫೈಬ್ರಿನ್ ಎಳೆಗಳನ್ನು ಉಂಟುಮಾಡಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಅದೇ ಥ್ರಾಂಬಿನ್ ಪಕ್ಕದ ಕೋಶದ ಮೇಲಿರುವ ಗ್ರಾಹಕವೊಂದರ ತುದಿಯನ್ನು ಕತ್ತರಿಸುತ್ತದೆ. ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಚೀಲಗಳು ಅಂಚಿಗೆ ಸರಿದು ಬಾಯಿ ತೆರೆಯುತ್ತವೆ, ಟಿಪಿಎ ರಕ್ತಕ್ಕೆ ಇಳಿಯುತ್ತದೆ. ಕ್ಯಾಲಿಕ್ರೀನ್ ಎಂಬ ಕಿಣ್ವ ಬಿಡಿಸಿಕೊಡುವ ಬ್ರಾಡಿಕೈನಿನ್ ಎಂಬ ಅಣು ಕೂಡ ಇದೇ ಬಾಗಿಲು ತೆರೆಸಬಲ್ಲದು. ಹೊರಬಂದ ಟಿಪಿಎ ಹೆಪ್ಪಿಗೇ ಅಂಟಿ, ಅಲ್ಲಿನ ಪ್ಲಾಸ್ಮಿನೋಜೆನ್ ಎಂಬ ಪ್ರೋಟೀನನ್ನು ಪ್ಲಾಸ್ಮಿನ್ ಎಂಬ ಕಿಣ್ವವಾಗಿಸುತ್ತದೆ. ಪ್ಲಾಸ್ಮಿನ್ ಎಳೆಎಳೆಯಾಗಿ ಫೈಬ್ರಿನ್ ತುಂಡರಿಸುತ್ತದೆ. ಕಟ್ಟಲು ಬಂದವನೇ ಬಿಚ್ಚುವವನಿಗೂ ಹೇಳಿಕಳಿಸುವ ಈ ಏರ್ಪಾಡಿಗಿಂತ ದೊಡ್ಡ ಬೆರಗು ನನಗೆ ಮೈಯಲ್ಲಿ ಕಂಡಿಲ್ಲ.

ಬಿರುಸಿನ ನಡಿಗೆಯಿಂದಲೂ ಟಿಪಿಎ ಹೆಚ್ಚುತ್ತದೆ. ಆದರೆ ಅದನ್ನು ತಡೆಯುವ ಪಿಎಐ-1 ಎಂಬ ಪ್ರೋಟೀನು ಮುಂಜಾನೆಯೇ ಹೆಚ್ಚು. ಹೃದಯಾಘಾತ ಬೆಳಗಿನ ಹೊತ್ತು ಹೆಚ್ಚಾಗಲು ಇದೂ ಒಂದು ಕಾರಣ.

ಹೃದಯದ ನಾಳ ಪೂರ್ತಿ ಮುಚ್ಚಿಕೊಂಡಾಗ ಮೈಯ ಟಿಪಿಎ ಸಾಲುವುದಿಲ್ಲ. ಅದನ್ನೇ ಕೊಂಚ ಮಾರ್ಪಡಿಸಿ, ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಿದ ಚುಚ್ಚುಮದ್ದು ಟೆನೆಕ್ಟೆಪ್ಲೇಸ್. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೃದಯಾಘಾತದಿಂದ ನಮ್ಮನ್ನಗಲಿದ ನಟ ಪುನೀತ್ ರಾಜಕುಮಾರ್ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಬೇಕೆಂದರೆ ಈ ದುಬಾರಿ ಔಷಧ ಅಲ್ಲೇ, ಉಚಿತವಾಗಿ ಸಿಗುತ್ತದೆ. ಆಮೇಲೆ ರೋಗಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಸರ್ಕಾರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದನ್ನು ನಾನು ಮೇಲಿನ ಸಾಲಿನಲ್ಲಿಡುತ್ತೇನೆ.

ಹೆಪ್ಪು ಹಳತಾದಷ್ಟೂ ಗಟ್ಟಿ. ಮೊದಲ ಗಂಟೆಗಳಲ್ಲೇ ಔಷಧದ ಕೈ ಮೇಲು. ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹಬ್ಬಿ, ತಣ್ಣನೆ ಬೆವರಿದರೆ ಗ್ಯಾಸ್ ಎಂದುಕೊಂಡು ಸೋಡಾ ಕುಡಿಯುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ.