ಕಾಡುಪಾಪವೂ ಅಟ್ಲಾಸ್ ಪತಂಗವೂ

ನಮ್ಮ ದಕ್ಷಿಣ ದೇಶದ ನಿಶಾಚರ ಪ್ರಾಣಿಗಳಲ್ಲಿ ಕಾಡುಪಾಪ ಮತ್ತು ಅಟ್ಲಾಸ್ ಪತಂಗಗಳೆಂಬ ಎರಡು ಗಮನಾರ್ಹವಾದುವು. ಕಾಡುಪಾಪದ ದೇಹದ ಉದ್ದವು 25 ಸೆಂಟಿಮೀಟರುಗಳನ್ನು ಮೀರುವುದು ವಿರಳ. ತೂಕವು 300 ಗ್ರಾಮುಗಳಿಗೆ ಕಡಿಮೆ. ದೊಡ್ಡ ಪತಂಗವು ರೆಕ್ಕೆ ಹರಡಿದಾಗ ಅದರ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಹಗಲಿನಲ್ಲಿ ಗಿಡಮರಗಳ ಮರೆಯಲ್ಲಿದ್ದು ಇರುಳಿನಲ್ಲಿ ಸಂಚರಿಸುವುವು. ಹೀಗಿದ್ದರೂ ಇವು ಪರಸ್ಪರ ಬಂಧುಗಳಲ್ಲ. ಏಕೆಂದರೆ ಪ್ರಾಣಿಗಳ ಬಂಧುತ್ವವನ್ನು ನಿರ್ಣಯಿಸತಕ್ಕದ್ದು ಗಾತ್ರದಿಂದಲ್ಲ, ದೇಹರಚನೆಯಿಂದ.

ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1758ನೆಯ ಇಸವಿಯ ತನ್ನ ಗ್ರಂಥದಲ್ಲಿ ಪ್ರಾಣಿಗಳನ್ನು ಗಣಗಳಾಗಿ ವಿಂಗಡಿಸಿದನು. ಕಾಡುಪಾಪಕ್ಕೆ ಬೆನ್ನೆಲುಬುಂಟು, ಅದು ಮರಿಗಳಿಗೆ ಹಾಲೂಡಿಸುವುದು, ಅದರ ಕೈಗಳು ಕೊಂಬೆಯನ್ನು ಹಿಡಿಯಬಲ್ಲವು. ಆದುದರಿಂದ ಅದು ಕೋತಿಯೂ ಮನುಷ್ಯನೂ ಸೇರಿದ ಪ್ರೈಮೇಟ್ ಗಣದ್ದು. ಪತಂಗಕ್ಕಾದರೋ ಬೆನ್ನೆಲುಬಿಲ್ಲ, ಆರು ಕಾಲುಗಳೂ ಹುರುಪೆ ಹೊದೆದ ನಾಲ್ಕು ರೆಕ್ಕೆಗಳೂ ಇರುವುವು. ಅದು ಕೀಟವರ್ಗದ ಲೆಪಿಡಾಪ್ಟೆರ ಗಣಕ್ಕೆ ಸೇರಿದುದು. ನಾವು ಸಾಕುವ ರೇಷ್ಮೆಹುಳುವಿನ ನಂಟನು.

ಈ ಭೇದವನ್ನರಿಯದೆ ಸಂರಕ್ಷಣೆಯು ಸಾಧ್ಯವಾಗದು. ಕಾಡುಪಾಪವು ಐದು ತಿಂಗಳಿಗೂ ಮಿಕ್ಕು ಗರ್ಭ ಧರಿಸಿ ಒಂದೆರಡು ಮರಿಗಳನ್ನು ಮಾತ್ರ ಈಯುವುದು. ಆದುದರಿಂದ ಒಂದು ತಾಯಿಯನ್ನು ಹಿಡಿದರೂ ನಷ್ಟವು ಬಹಳ. ಅದು ನೆಗೆಯಲಾರದು, ಕೊಂಬೆಯಿಂದ ಕೊಂಬೆಗೆ ನಡೆದೇ ಹೋಗತಕ್ಕದ್ದು. ಮರಗಳ ಸಾಲು ಕಡಿದರೆ ಅದರ ದಾರಿಯೇ ಕಡಿದಂತೆ. ಪತಂಗವು ನೂರಾರು ಮೊಟ್ಟೆಗಳನ್ನಿಡುವುದು. ಪ್ರಾಯಕ್ಕೆ ಬಂದ ಪತಂಗಕ್ಕೆ ಉಣ್ಣುವ ಬಾಯಿಲ್ಲ. ಕಂಬಳಿಹುಳುವಾಗಿದ್ದಾಗ ಕೂಡಿಸಿಟ್ಟ ಕೊಬ್ಬಿನಿಂದಲೇ ಕೆಲವು ದಿನ ಬದುಕುವುದು. ಆದುದರಿಂದ ಇಲ್ಲಿ ಕಾಪಾಡಬೇಕಾದುದು ಹುಳುವು ಮೇಯುವ ದಾಲ್ಚಿನ್ನಿ, ಪೇರಲ ಮುಂತಾದ ಗಿಡಗಳನ್ನು.

ಮಾಟಮಂತ್ರಕ್ಕೂ ನಾಟಿ ಔಷಧಿಗೂ ಕಾಡುಪಾಪವನ್ನು ಹಿಡಿಯುವ ದುರಾಚಾರವುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದನ್ನು ಮೊದಲನೆಯ ಅನುಸೂಚಿಯಲ್ಲಿಟ್ಟಿದೆ. ತಮಿಳುನಾಡಿನ ಕಡವೂರಿನಲ್ಲಿ 2022ರಲ್ಲಿ ಅದಕ್ಕಾಗಿಯೇ ಅಭಯಾರಣ್ಯವೊಂದು ಸ್ಥಾಪಿತವಾಯಿತು.

ಮಲೆನಾಡೂ ಬಯಲೂ ಸಂಧಿಸುವ ಶಿಕಾರಿಪುರ, ಸೊರಬ ಸೀಮೆಯವರಿಗೆ ಈ ಪಾಠವು ಹೊಸದಲ್ಲ. ಸೊರಬದ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು 1868ರಲ್ಲಿಯೇ ವರದಿ ಬರೆದರು. ಹಿರಿಯರು ದೇವರ ಹೆಸರಿನಲ್ಲಿ ಕಾಯ್ದ ಆ ಕಾನುಗಳಲ್ಲಿ ಮರವೂ ಮೆಣಸಿನ ಬಳ್ಳಿಯೂ ನೀರಿನ ಒರತೆಯೂ ಒಟ್ಟಿಗೆ ಉಳಿದುವು. ಪ್ರಾಣಿಯನ್ನು ಪ್ರತ್ಯೇಕವಾಗಿ ಕಾಯುವವರು ಕಾಯಿದೆಯನ್ನು ಬೇಡುವರು. ಮರವನ್ನು ಕಾಯುವವರಾದರೋ ಹೆಸರರಿಯದ ಸಾವಿರ ಜೀವಗಳನ್ನೂ ಅದರೊಡನೆ ಕಾಯುವರು. ವಿದ್ಯಾರ್ಥಿನಿಯರು ಇದನ್ನು ಮನಗಾಣಬೇಕು.