ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆಯೇ?

ಹೈದರಾಬಾದ್: ಬೀದರ್, ಕಲಬುರಗಿ, ರಾಯಚೂರು ಕಡೆ ಯಾರಿಗಾದರೂ ಕ್ಯಾನ್ಸರ್ ಎಂದರೆ ಮೊದಲು ನೆನಪಾಗುವ ಊರುಗಳಲ್ಲಿ ಹೈದರಾಬಾದ್ ಒಂದು. ರೆಡ್ ಹಿಲ್ಸ್‌ನ ಎಂ.ಎನ್.ಜೆ. ಆಸ್ಪತ್ರೆಗೆ ಬರುವ ನೆಂಟರಿಗೆ ಇಲ್ಲಿನ ಕನ್ನಡಿಗರ ಮನೆಯೇ ಆಸರೆ. ಡಾಕ್ಟರು ಆಪರೇಷನ್ ಎಂದ ಕೂಡಲೇ ಹಿರಿಯರೊಬ್ಬರು ಹೇಳುವ ಮಾತೂ ನಮಗೆ ಹೊಸದಲ್ಲ: 'ಚಾಕು ಹಚ್ಚಿದ್ರ ಮೈತುಂಬ ಹರಡ್ತದ, ಬ್ಯಾಡಪ್ಪ.'

ಈ ಭಯಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ಅದನ್ನು ಹುಡುಕಿದವರು ಬಾಸ್ಟನ್ ಮಕ್ಕಳ ಆಸ್ಪತ್ರೆಯ ಶಸ್ತ್ರಚಿಕಿತ್ಸಕ ಡಾ. ಜೂಡಾ ಫೋಕ್‌ಮನ್. ಭೀಮಾವರಂನಲ್ಲಿ ಹುಟ್ಟಿದ ಡಾ. ಯಲ್ಲಾಪ್ರಗಡ ಸುಬ್ಬಾರಾವ್ ಅವರ ತಂಡದ ಅಮೈನೊಪ್ಟೆರಿನ್ ಔಷಧವನ್ನು 1947ರಲ್ಲಿ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟದ್ದೂ ಇದೇ ಆಸ್ಪತ್ರೆಯಲ್ಲಿ.

ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಲು ಹೊಸ ರಕ್ತನಾಳಗಳು ಬೇಕು ಎಂದು ಫೋಕ್‌ಮನ್ 1971ರಲ್ಲೇ ಹೇಳಿದ್ದರು. ನೀರು ಕಾಣದ ಹೊಲದಲ್ಲಿ ಬೆಳೆ ಏಳುವುದಿಲ್ಲವಲ್ಲ, ಹಾಗೆ.

1994ರಲ್ಲಿ ಅವರ ಪ್ರಯೋಗಾಲಯದ ಮೈಕೆಲ್ ಓರೈಲಿ ಇಲಿಗಳಲ್ಲಿ ವಿಚಿತ್ರವೊಂದನ್ನು ಕಂಡರು. ಒಂದು ಬಗೆಯ ದೊಡ್ಡ ಗಡ್ಡೆ ಇರುವ ತನಕ ಶ್ವಾಸಕೋಶಕ್ಕೆ ಹೋಗಿ ಕೂತ ಸಣ್ಣ ಗಡ್ಡೆಗಳು ಬೆಳೆಯಲಿಲ್ಲ. ದೊಡ್ಡದನ್ನು ತೆಗೆದರೆ ಬೆಳೆದವು. ಅವುಗಳನ್ನು ತಡೆದಿದ್ದು 'ಆಂಜಿಯೊಸ್ಟಾಟಿನ್'. ರಕ್ತದಲ್ಲಿ ಸದಾ ಇರುವ ಪ್ಲಾಸ್ಮಿನೋಜನ್ ಎಂಬ ಪ್ರೋಟೀನಿನದೇ ಒಂದು ತುಂಡು ಅದು. ಗಡ್ಡೆ ತೆಗೆದ ಇಲಿಗಳಿಗೆ ಇದನ್ನೇ ಕೊಟ್ಟಾಗ ಸಣ್ಣ ಗಡ್ಡೆಗಳು ಮತ್ತೆ ಸುಮ್ಮನಾದವು. 1997ರಲ್ಲಿ 'ಎಂಡೊಸ್ಟಾಟಿನ್' ಸಿಕ್ಕಿತು. ಇದರ ಮೂಲ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ಕ್ರೋಮೋಸೋಮ್ ಒಂದು ಹೆಚ್ಚಿದ್ದು, ಎಂಡೊಸ್ಟಾಟಿನ್ ಕೂಡ ಹೆಚ್ಚು. ಅವರಲ್ಲಿ ಗಡ್ಡೆಯ ಕ್ಯಾನ್ಸರ್ ಕಡಿಮೆ ಇರಲು ಇದೂ ಒಂದು ಕಾರಣ ಇರಬಹುದು ಎನ್ನುತ್ತಾರೆ ವಿಜ್ಞಾನಿಗಳು.

1998ರಲ್ಲಿ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಸುದ್ದಿ ಬಂದದ್ದೇ ತಡ, ರೋಗಿಗಳು ಔಷಧ ಕೇಳತೊಡಗಿದರು. ಆದರೆ ಮನುಷ್ಯರ ಮೇಲೆ ಪರೀಕ್ಷಿಸಿದಾಗ ಇಲಿಗಳಲ್ಲಿ ಕಂಡ ಫಲ ಸಿಗಲಿಲ್ಲ. ಚೀನಾ ಮಾತ್ರ 2005ರಲ್ಲಿ ಎಂಡೊಸ್ಟಾಟಿನ್‌ನ ಒಂದು ರೂಪಕ್ಕೆ ಶ್ವಾಸಕೋಶದ ಕ್ಯಾನ್ಸರಿಗಾಗಿ ಒಪ್ಪಿಗೆ ಕೊಟ್ಟಿತು.

ಫೋಕ್‌ಮನ್ 2008ರಲ್ಲಿ ತೀರಿಕೊಂಡರು. ಅವರ ಯೋಚನೆ ವ್ಯರ್ಥವಾಗಲಿಲ್ಲ. ಗಡ್ಡೆಗೆ ರಕ್ತನಾಳ ಬೆಳೆಯುವುದನ್ನು ತಡೆಯುವ ಬೆವಾಸಿಜುಮಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ದೇಹದ ಪ್ರೋಟೀನಲ್ಲ, ತಯಾರಿಸಿದ ಪ್ರತಿಕಾಯ. ಇದರ ದೇಶೀ ರೂಪವನ್ನು ನಮ್ಮ ಹೈದರಾಬಾದಿನ ಹೆಟೆರೊ 2016ರಲ್ಲಿ, ಬೆಂಗಳೂರಿನ ಬಯೋಕಾನ್ 2017ರಲ್ಲಿ ಮಾರುಕಟ್ಟೆಗೆ ತಂದವು. ಕೆಲವು ಕ್ಯಾನ್ಸರುಗಳಲ್ಲಿ, ಹೆಚ್ಚಾಗಿ ಕೀಮೋ ಜೊತೆಗೆ, ಇದನ್ನು ಕೊಡುತ್ತಾರೆ. ಎಲ್ಲರಿಗೂ ಹೊಂದುವ ಮದ್ದಲ್ಲ.

ಹಾಗಾದರೆ ಹಿರಿಯರ ಮಾತು ನಿಜವೇ? ಇಲಿಯ ಪ್ರಯೋಗದಲ್ಲೂ ಚಾಕು ಕ್ಯಾನ್ಸರನ್ನು ಹರಡಲಿಲ್ಲ. ಬೀಜಗಳು ಮೊದಲೇ ಬಿದ್ದಿದ್ದವು. ಕಣ್ಣಿಗೆ ಕಾಣದೆ ಉಳಿದಿರಬಹುದಾದ ಅಂಥ ಬೀಜಗಳಿಗಾಗಿಯೇ ಹಲವರಿಗೆ ಆಪರೇಷನ್ ನಂತರವೂ ಔಷಧ ಕೊಡುವುದು. ಗಡ್ಡೆ ಒಂದೇ ಕಡೆ ಇರುವಾಗ ಅದನ್ನು ತೆಗೆಯುವುದು ಇಂದಿಗೂ ಗುಣಪಡಿಸುವ ಮುಖ್ಯ ದಾರಿ. ತಡ ಮಾಡಿದಷ್ಟೂ ಬೀಜ ಬೀಳುವ ಅಪಾಯ ಹೆಚ್ಚು.

ಆದ್ದರಿಂದ ಊರಿನಿಂದ ಬಂದವರು ಹೆದರಿ ವಾಪಸು ಹೊರಟರೆ ಕೂರಿಸಿಕೊಂಡು ಇಷ್ಟನ್ನು ಬಿಡಿಸಿ ಹೇಳೋಣ. ಸಂಘದ ಸದಸ್ಯರೊಬ್ಬರು ಜೊತೆಗೆ ಹೋಗಿ, ಡಾಕ್ಟರು ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿದರೂ ಅದು ದೊಡ್ಡ ಸೇವೆಯೇ.