ನಿಮಗಿದು ಗೊತ್ತೆ? ನ್ಯಾನೋ ಯೂರಿಯಾದ ಕಣಕ್ಕೂ ಅಳತೆ ಉಂಟು!
ರಾಯದುರ್ಗದ ಗೊಬ್ಬರದಂಗಡಿಯಲ್ಲಿ ಅರ್ಧ ಲೀಟರ್ ನ್ಯಾನೋ ಯೂರಿಯಾ ಕೇಳುವ ರೈತ ನೋಡುವುದು ಸಾರಜನಕ ಎಷ್ಟಿದೆ ಎಂದು. ಸರ್ಕಾರಕ್ಕೆ ಅಷ್ಟೇ ಸಾಲದು. 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ಇದನ್ನು ಸೇರಿಸಿದಾಗ, ಶೇ. 4 ಸಾರಜನಕದ ಜೊತೆಗೆ ಕಣದ ಗಾತ್ರ, ಆಮ್ಲೀಯತೆ, ಸ್ನಿಗ್ಧತೆ, ಮೇಲ್ಮೈಯ ವಿದ್ಯುದಂಶಕ್ಕೂ ಮಿತಿ ಹಾಕಿತು. ಕನಿಷ್ಠ ಅರ್ಧದಷ್ಟು ಕಣಗಳು 20ರಿಂದ 50 ನ್ಯಾನೋಮೀಟರ್ ಇರಬೇಕು ಎಂಬುದು ಆಗಿನ ನಿಯಮ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000!

ವಿದ್ಯುದಂಶ ಯಾಕೆ? ಅದು ಸಾಕಷ್ಟಿದ್ದರೆ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಕಡಿಮೆಯಾದರೆ ಗಂಟು ಕಟ್ಟುತ್ತವೆ. ಬಿಡಿ ಕಣ ತಲುಪುವ ಜಾಗವೇ ಬೇರೆ, ಗಂಟು ತಲುಪುವ ಜಾಗವೇ ಬೇರೆ, ಸಿಂಪಡಿಸಿದ ಎಲೆಯಲ್ಲಾಗಲಿ ಸಿಂಪಡಿಸುವವರ ಶ್ವಾಸಕೋಶದಲ್ಲಾಗಲಿ. ಸುರಕ್ಷತೆಯ ತಪಾಸಣೆ ಶುರುವಾಗುವುದೇ ಇಲ್ಲಿಂದ.

ಅಂದಹಾಗೆ, ಶೇ. 4ರ ಅರ್ಧ ಲೀಟರ್ ಬಾಟಲಿಯಲ್ಲಿ ಸಾರಜನಕ ಬರೀ 20 ಗ್ರಾಂ. ಸಾಮಾನ್ಯ ಯೂರಿಯಾದ 45 ಕಿಲೋ ಚೀಲದಲ್ಲಿ 20 ಕಿಲೋಗೂ ಹೆಚ್ಚು. ಇಷ್ಟು ಕಡಿಮೆ ಸಾರಜನಕದಿಂದ ಇಳುವರಿ ಬರುತ್ತದೆಯೇ ಎಂಬ ತಕರಾರು ಇನ್ನೂ ಮುಗಿದಿಲ್ಲ.